ಮಗ್ಗಕ್ಕೊಂದು ಮನೆ

ನೇಕಾರರು ಕನ್ನಡಕ್ಕೆ ಕೊಟ್ಟ ಮಾತುಗಳಲ್ಲಿ 'ಹಾಸುಹೊಕ್ಕು' ಎಂಬುದು ಬಲು ದೊಡ್ಡ ಮಾತು. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಅದರ ನಡುವೆ ಲಾಳಿಯೊಡನೆ ಅಡ್ಡಲಾಗಿ ಓಡಾಡುವ ನೂಲು ಹೊಕ್ಕು. ಹಾಸು ನಿಂತಿರಬೇಕು, ಹೊಕ್ಕು ಚಲಿಸುತ್ತಿರಬೇಕು. ನಿಲ್ಲುವುದೂ ಚಲಿಸುವುದೂ ಕೂಡಿದಾಗ ಬಟ್ಟೆ. ಭಕ್ತಿ ಬದುಕಿನಲ್ಲಿ ಹಾಸುಹೊಕ್ಕಾಗಿದೆ, ಹಾಡು ಜನಜೀವನದಲ್ಲಿ ಹಾಸುಹೊಕ್ಕಾಗಿದೆ ಎಂದು ನಾವು ಬರೆಯುವಾಗ, ಯಾವುದೋ ಊರಿನ ಯಾವುದೋ ಗುಂಡಿಮಗ್ಗದ ಮುಂದೆ ಕುಳಿತವನ ಅನುಭವವನ್ನು ಅರಿಯದೆಯೇ ಕಡ ತಂದಿರುತ್ತೇವೆ.

ಚಿತ್ರಕಾರನು ಕುಂಚ, ಬಣ್ಣ, ಕಾಗದಗಳನ್ನು ಜೋಳಿಗೆಯಲ್ಲಿಟ್ಟುಕೊಂಡು ಊರೂರು ಸುತ್ತಬಲ್ಲನು. ಕವಿಗಂತೂ ಒಂದು ಪೆನ್ನು ಸಾಕು. ನೇಯುವವರ ಪಾಡು ಹಾಗಲ್ಲ. ಮಗ್ಗವೆಂಬುದು ನೆಲ ಕಚ್ಚಿ ನಿಂತ ಮರದಂತೆ. ಅದಕ್ಕೆ ಗೋಡೆ ಬೇಕು, ಸೂರು ಬೇಕು, ಬೆಳಕು ಬೇಕು, ಹಾಸು ಹೂಡಲು ದಿನಗಟ್ಟಲೆ ಸಮಯ ಬೇಕು. ಆದುದರಿಂದಲೇ ನೂಲಿನ ಕಲೆಯ ಇತಿಹಾಸವನ್ನು ಓದುವಾಗ 'ಯಾರು ನೇಯ್ದರು' ಎಂಬುದಕ್ಕಿಂತ ಮೊದಲು 'ಎಲ್ಲಿ ಕುಳಿತು ನೇಯ್ದರು, ಆ ಜಾಗವನ್ನು ಅವರಿಗೆ ಯಾರು ಕೊಟ್ಟರು' ಎಂದು ಕೇಳಬೇಕಾಗುತ್ತದೆ.

ಈಗಿನ ತಲೆಮಾರಿನ ಕಲಾವಿದರು 'ಆರ್ಟಿಸ್ಟ್ ರೆಸಿಡೆನ್ಸಿ' ಎಂಬ ಮಾತನ್ನು ಬಳಸುತ್ತಾರೆ. ಒಂದು ಸಂಸ್ಥೆಯು ಕಲಾವಿದನಿಗೋ ಕಲಾವಿದೆಗೋ ಕೆಲವು ವಾರ, ಕೆಲವು ತಿಂಗಳು, ಕೆಲವೆಡೆ ಕೆಲವು ವರ್ಷ, ಇರಲು ಕೋಣೆಯನ್ನೂ ದುಡಿಯಲು ಕಾರ್ಯಾಗಾರವನ್ನೂ ಕೊಡುವ ಏರ್ಪಾಡು ಇದು. ನಮ್ಮ ಬಳಗದಲ್ಲಿಯೇ ಜವಳಿ ವಿನ್ಯಾಸ ಓದಿದ ಹುಡುಗಿಯೊಬ್ಬಳು ಇಂಥದೊಂದಕ್ಕೆ ಅರ್ಜಿ ಹಾಕಿದಾಗ, ಹಿರಿಯರಲ್ಲಿ ಒಬ್ಬರು "ಸಂಬಳ ಎಷ್ಟಂತೆ?" ಎಂದು ಕೇಳಿದರು, ಇನ್ನೊಬ್ಬರು "ಪರೀಕ್ಷೆ ಇಲ್ಲ, ಸರ್ಟಿಫಿಕೇಟಿಲ್ಲ, ಹೋಗಿ ಏನು ಮಾಡುತ್ತೀ ತಾಯಿ?" ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವುಗಳಿಗೆ ಉತ್ತರ ಹುಡುಕಲು ಅಮೆರಿಕದ ಒಂದು ಬೆಟ್ಟದ ಸೀಮೆಯ ಚರಿತ್ರೆ ಬಹಳ ನೆರವಾಗುತ್ತದೆಂದು ನನಗೆ ತೋರಿದೆ.

ಆ ಸೀಮೆಯೆಂದರೆ ನಾರ್ತ್ ಕೆರೊಲೈನಾ ರಾಜ್ಯದ ಪಶ್ಚಿಮ ಭಾಗ. ಅಪಲೇಚಿಯನ್ ಪರ್ವತಸಾಲಿನಲ್ಲಿ 'ಬ್ಲೂ ರಿಜ್' ಎಂದು ಕರೆಯುವ, ದೂರದಿಂದ ನೀಲಿಯಾಗಿ ಕಾಣುವ ಬೆಟ್ಟಗಳ ನಾಡು. ಆಶ್‌ವಿಲ್ ಅಲ್ಲಿನ ಮುಖ್ಯ ಪಟ್ಟಣ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಒಂದೇ ಸೀಮೆಯಲ್ಲಿ, ಅರ್ಧ ದಿನದ ದಾರಿಯೂ ಇಲ್ಲದಷ್ಟು ಅಂತರದಲ್ಲಿ, ನೂಲಿನ ಎರಡು ಮನೆಗಳು ಎದ್ದವು. ಒಂದನ್ನು ಕಟ್ಟಿದವಳು ಹಳ್ಳಿಶಾಲೆಯ ಉಪಾಧ್ಯಾಯಿನಿ. ಇನ್ನೊಂದರಲ್ಲಿ ಮಗ್ಗ ಹೂಡಿದವಳು ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಕಲಾವಿದೆ.

ಮೊದಲು ಉಪಾಧ್ಯಾಯಿನಿಯ ಕಥೆ. ಅದಕ್ಕೆ ತುಸು ಹಿನ್ನೆಲೆ ಬೇಕು. ಆ ಬೆಟ್ಟಗಳ ರೈತ ಕುಟುಂಬಗಳಲ್ಲಿ ಹಾಸಿಗೆಯ ಮೇಲೆ ಹೊದಿಸುವ ಕೈಮಗ್ಗದ ಹೊದಿಕೆಗಳನ್ನು ಮನೆಯ ಹೆಂಗಸರೇ ನೇಯುತ್ತಿದ್ದರು. ಬಿಳಿಯ ಹತ್ತಿನೂಲಿನ ನೆಲದ ಮೇಲೆ ಬಣ್ಣದ ಉಣ್ಣೆನೂಲನ್ನು ಹಾಯಿಸಿ, ಚಕ್ರ, ಹೂ, ಚೌಕಗಳು ಮೂಡುವಂತೆ ಮಾಡುವ ನೇಯ್ಗೆ ಅದು. ಮಗ್ಗದ ಅಗಲ ಕಡಿಮೆಯಾದ್ದರಿಂದ ಎರಡು ಪಟ್ಟಿಗಳನ್ನು ನೇಯ್ದು ನಡುವೆ ಹೊಲಿದು ಜೋಡಿಸುತ್ತಿದ್ದರು. ನೀಲಿ, ಮಂಜಿಷ್ಠೆಯ ಕೆಂಪು, ಅಕ್ರೋಟಿನ ಸಿಪ್ಪೆಯ ಕಂದು ಇವು ಅವರ ಬಣ್ಣಗಳು. ವಿನ್ಯಾಸವನ್ನು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಗೆರೆ, ಅಂಕಿಗಳಲ್ಲಿ ಬರೆದಿಟ್ಟು, ತಾಯಿಯಿಂದ ಮಗಳಿಗೆ ದಾಟಿಸುತ್ತಿದ್ದರು. ಅವುಗಳ ಹೆಸರುಗಳಾದರೂ ಎಷ್ಟು ಚೆಂದ! 'ಬಸವನಹುಳುವಿನ ಜಾಡು, ಬೆಕ್ಕಿನ ಹೆಜ್ಜೆ' ಎಂಬ ಅರ್ಥದ ಒಂದು ವಿನ್ಯಾಸವಿದೆ. 'ರಥದ ಗಾಲಿ' ಎಂಬುದು ಇನ್ನೊಂದು. ನಮ್ಮ ಇಳಕಲ್ ಸೀರೆಯ ದಡಿಗೆ ಗೋಮಿ, ಚಿಕ್ಕಿ, ಗಾಡಿ ಎಂದೂ, ಕಸೂತಿಯ ಹೊಲಿಗೆಗೆ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದೂ ಹೆಸರಿಟ್ಟ ಅಕ್ಕತಂಗಿಯರು ಇದನ್ನು ಕೇಳಿದ್ದರೆ ನಕ್ಕು ತಲೆದೂಗುತ್ತಿದ್ದರು.

ಗಿರಣಿಯ ಬಟ್ಟೆ ಅಗ್ಗವಾಗಿ ಬರತೊಡಗಿದ ಮೇಲೆ ಈ ನೇಯ್ಗೆ ಹಿಂದೆ ಸರಿಯಿತು. ಮಗ್ಗಗಳನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದರು. ಆ ಬೆಟ್ಟದ ಸೀಮೆಗೆ ಸೇವಾಕಾರ್ಯಕ್ಕೆಂದು ಬಂದು ನೆಲೆಸಿದ್ದ ಫ್ರಾನ್ಸಿಸ್ ಗುಡ್‌ರಿಚ್ ಎಂಬಾಕೆಗೆ 1895ರಲ್ಲಿ ನೆರೆಯ ಹೆಂಗಸೊಬ್ಬಳು ಹಳೆಯ ಹೊದಿಕೆಯೊಂದನ್ನು ಕಾಣಿಕೆಯಾಗಿ ತಂದುಕೊಟ್ಟಳು. 'ಡಬಲ್ ಬೋನಾಟ್' ಎಂಬ ವಿನ್ಯಾಸದ, ಅದಾಗಲೇ ನಾಲ್ಕು ದಶಕ ಕಂಡಿದ್ದ ಹೊದಿಕೆ. ಗುಡ್‌ರಿಚ್ ಯೇಲ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿತವರು. ಕೈಗೆ ಬಂದದ್ದು ಹರಿದ ಹಳೆಯ ಬಟ್ಟೆಯಲ್ಲ, ಒಂದು ವಿದ್ಯೆ ಎಂಬುದು ಅವರ ಕಣ್ಣಿಗೆ ಕೂಡಲೇ ತಿಳಿಯಿತು. ನೇಯಬಲ್ಲ ಮುದುಕಿಯರನ್ನು ಹುಡುಕಿ, ಅವರಿಂದ ಕೆಲಸ ಮಾಡಿಸಿ ಮಾರುವ ಪ್ರಯತ್ನವನ್ನು ಅವರು ಆರಂಭಿಸಿದರು. ಹೊದಿಕೆಯನ್ನು ಕೊಟ್ಟವಳಿಗೆ ಅದೊಂದು ಕೃತಜ್ಞತೆಯ ಕಾಣಿಕೆ ಅಷ್ಟೆ. ಪಡೆದವಳಿಗೆ ಬದುಕಿನ ಕೆಲಸ ಸಿಕ್ಕಿತು.

ಇದಾದ ಕಾಲು ಶತಮಾನದ ನಂತರ, 1920ರಲ್ಲಿ, ಲೂಸಿ ಮಾರ್ಗನ್ ಎಂಬ ಉಪಾಧ್ಯಾಯಿನಿ ಪೆನ್‌ಲ್ಯಾಂಡ್ ಎಂಬ ಕುಗ್ರಾಮದ ಮಿಷನ್ ಶಾಲೆಗೆ ಪಾಠ ಹೇಳಲು ಬಂದರು. ಆ ಶಾಲೆಯನ್ನು ಕಟ್ಟಿದವರು ಅವರ ಅಣ್ಣ, ಪಾದ್ರಿ ರೂಫಸ್ ಮಾರ್ಗನ್. ಮಕ್ಕಳಿಗೆ ಪಾಠ ಹೇಳುತ್ತಿದ್ದ ಲೂಸಿಯ ಗಮನ ಮಕ್ಕಳ ತಾಯಂದಿರ ಮೇಲೆ ಹರಿಯಿತು. ಹೊಲದ ಬೆಳೆ ಹೊಟ್ಟೆಗೆ ಸಾಲುತ್ತಿತ್ತೇ ಹೊರತು ಕೈಯಲ್ಲಿ ನಗದು ನಿಲ್ಲುತ್ತಿರಲಿಲ್ಲ. 1923ರಲ್ಲಿ ಅವರು ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿಗೆ ಹೋಗಿ ನೇಯ್ಗೆ ಕಲಿತು, ಮಗ್ಗಗಳೊಡನೆ ಮರಳಿದರು. ಆ ಕಾಲದಲ್ಲಿ ಬೆರಿಯಾದಲ್ಲಿ ನೇಯ್ಗೆಯ ವಿಭಾಗವನ್ನು ನಡೆಸುತ್ತಿದ್ದವರು ಸ್ವೀಡನ್ ಮೂಲದ ಅನ್ನಾ ಅರ್ನ್‌ಬರ್ಗ್. ಅಮೆರಿಕದ ಬೆಟ್ಟದ ಪರಂಪರೆಯೆಂದು ಎಲ್ಲರೂ ಹೊಗಳಿದ ಈ ನೇಯ್ಗೆಯ ಪುನರುಜ್ಜೀವನದಲ್ಲಿ ಸ್ವೀಡನ್ನಿನ ಹೊಕ್ಕುನೂಲೂ ಇತ್ತೆಂಬುದನ್ನು ನಾವು ಮರೆಯಬಾರದು. ಶುದ್ಧ ಪರಂಪರೆ ಎಂಬುದು ಹಾಸಿಲ್ಲದ ಹೊಕ್ಕಿನಂತೆ. ಎಲ್ಲಿಯೂ ಬಟ್ಟೆಯಾಗಿ ಕಂಡದ್ದಿಲ್ಲ.

ಲೂಸಿಯ ಏರ್ಪಾಡು ಸರಳವಾಗಿತ್ತು. ಮಗ್ಗವನ್ನು ಹೆಂಗಸರ ಮನೆಗೇ ಕೊಡುವುದು, ನೂಲನ್ನು ಒದಗಿಸುವುದು, ನೇಯ್ದು ತಂದುದನ್ನು ಹಣ ಕೊಟ್ಟು ಕೊಳ್ಳುವುದು, ಮಾರುವ ಹೊಣೆಯನ್ನು ತಾನು ಹೊರುವುದು. 'ಪೆನ್‌ಲ್ಯಾಂಡ್ ವೀವರ್ಸ್' ಎಂಬುದು ಅದರ ಹೆಸರಾಯಿತು. ನೇಯುವವರ ಸಂಖ್ಯೆ ಬೆಳೆದಂತೆ, ಎಲ್ಲರೂ ಕೂಡಿ ಕಲಿಯಲು ಒಂದು ಜಾಗ ಬೇಕೆನಿಸಿತು. 1926ರಲ್ಲಿ ಊರವರೇ ಕೈಗೂಡಿಸಿ ಮರದ ದಿಮ್ಮಿಗಳ ಒಂದು ನೇಯ್ಗೆಮನೆಯನ್ನು ಎತ್ತಿದರು. ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುವು ಇಲ್ಲಿದೆ. ತಂತಮ್ಮ ಮನೆಯಲ್ಲಿ ಒಲೆ, ತೊಟ್ಟಿಲು, ಕೊಟ್ಟಿಗೆಗಳ ನಡುವೆ ಬಿಡುವು ಕದ್ದು ನೇಯುತ್ತಿದ್ದ ಹೆಂಗಸರಿಗೆ, ನೇಯ್ಗೆಗೆಂದೇ ಮೀಸಲಾದ ಸೂರೊಂದು ಸಿಕ್ಕಿತು. ಒಬ್ಬಳ ಕೈಚಳಕವನ್ನು ಇನ್ನೊಬ್ಬಳು ನೋಡುವಂತಾಯಿತು.

1928ರಲ್ಲಿ ಎಡ್ವರ್ಡ್ ವರ್ಸ್ಟ್ ಎಂಬುವರು ಅಲ್ಲಿಗೆ ಬಂದರು. ಚಿಕಾಗೋ ನಗರದ ಶಾಲೆಗಳಲ್ಲಿ ಕೈಕೆಲಸದ ಶಿಕ್ಷಣವನ್ನು ನೋಡಿಕೊಳ್ಳುತ್ತಿದ್ದ ಅವರು ನೇಯ್ಗೆಯ ಮೇಲೆ ಪುಸ್ತಕ ಬರೆದ ತಜ್ಞರು. ಅವರು ಮತ್ತೆ ಬಂದು ಪಾಠ ಹೇಳುವರೆಂಬ ಸುದ್ದಿ ಹರಡಿ, ಹೊರಗಿನವರೂ ಕಲಿಯಲು ಬರುವೆವೆಂದು ಕೇಳಿಕೊಂಡರು. ಹೀಗೆ 1929ರ ಬೇಸಗೆಯಲ್ಲಿ, ಊರ ಹೆಂಗಸರಿಗಾಗಿ ಎದ್ದ ಮನೆ ಪರಊರಿನವರಿಗೂ ತೆರೆದು, ಒಂದು ಕರಕುಶಲ ಶಾಲೆಯಾಯಿತು. ಅದೇ ವರ್ಷ ಅಮೆರಿಕದ ಷೇರು ಮಾರುಕಟ್ಟೆ ಕುಸಿಯಿತು. ಆರ್ಥಿಕ ಮುಗ್ಗಟ್ಟಿನ ನಡುವೆ, 1933ರಲ್ಲಿ, ಲೂಸಿ ಮಾರ್ಗನ್ ಚಿಕಾಗೋದ ಜಾಗತಿಕ ಮೇಳಕ್ಕೆ ತಮ್ಮ ನೇಕಾರ್ತಿಯರ ಬಟ್ಟೆಗಳನ್ನು ಒಯ್ದು, ಅಲ್ಲಿ ಪುಟ್ಟ ದಿಮ್ಮಿಮನೆಯೊಂದರಲ್ಲಿ ಮಾರಿ ಬಂದರು. ಉಪಾಧ್ಯಾಯರ ಕೆಲಸ ಗಂಟೆ ಬಾರಿಸಿದೊಡನೆ ಮುಗಿಯುವುದಿಲ್ಲವೆಂದು ನಾನು ಸಹೋದ್ಯೋಗಿಗಳಿಗೆ ಹೇಳುತ್ತಿದ್ದಾಗ ಈಕೆಯ ಉದಾಹರಣೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು!

ಲೂಸಿ ಮಾರ್ಗನ್ 1962ರಲ್ಲಿ ನಿವೃತ್ತರಾದರು. ಅವರ ಬಳಿಕ ನಿರ್ದೇಶಕರಾದ ಬಿಲ್ ಬ್ರೌನ್ 1963ರಲ್ಲಿ ಅಲ್ಲಿ ಇನ್ನೊಂದು ಪದ್ಧತಿಯನ್ನು ತಂದರು. ಕಲಿಕೆ ಮುಗಿಸಿದ, ಆದರೆ ಸ್ವತಂತ್ರವಾಗಿ ನಿಲ್ಲಲು ಇನ್ನೂ ಶಕ್ತಿ ಸಾಲದ ಕುಶಲಕರ್ಮಿಗಳಿಗೆ ಕಡಿಮೆ ಬಾಡಿಗೆಯಲ್ಲಿ ವಾಸವನ್ನೂ ಕಾರ್ಯಾಗಾರವನ್ನೂ ಕೊಡುವುದು. ಹಿಂದೆ ಕೊಟ್ಟಿಗೆಗಳಾಗಿದ್ದ ಕಟ್ಟಡಗಳನ್ನು ಇದಕ್ಕಾಗಿ ಬಳಸಿಕೊಂಡದ್ದರಿಂದ, ಆ ಭಾಗವನ್ನು ಈಗಲೂ 'ಕೊಟ್ಟಿಗೆಗಳು' ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಇಂದಿಗೂ ಆಯ್ಕೆಯಾದವರು ಮೂರು ವರ್ಷ ಅಲ್ಲಿರಬಹುದು. ಅವರಿಗೆ ಪಾಠವಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ನೂಲು, ಮಣ್ಣು, ಗಾಜು, ಕಬ್ಬಿಣ ಹೀಗೆ ಬೇರೆ ಬೇರೆ ವಸ್ತುಗಳಲ್ಲಿ ದುಡಿಯುವವರು ಅಕ್ಕಪಕ್ಕದಲ್ಲಿ ಇರುತ್ತಾರೆ. ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ: ಅಲ್ಲಿ ಕೊಡುವುದು ಸಂಬಳವನ್ನಲ್ಲ, ಹೊತ್ತನ್ನು. ಕಲಿತ ವಿದ್ಯೆಗೂ ಅದರಿಂದ ಬದುಕುವ ದಾರಿಗೂ ನಡುವೆ ಒಂದು ಕಂದಕವಿದೆ. ಅದನ್ನು ದಾಟುವಷ್ಟು ಕಾಲ ಕಾಲಡಿಗೆ ನೆಲ ಕೊಡುವುದೇ ಈ ಪದ್ಧತಿಯ ತಿರುಳು.

ಇನ್ನು ಎರಡನೆಯ ಮನೆ. ಇದರ ಬೇರು ಜರ್ಮನಿಯಲ್ಲಿದೆ. 1919ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ವೈಮಾರ್ ನಗರದಲ್ಲಿ 'ಬೌಹೌಸ್' ಎಂಬ ಕಲಾಶಾಲೆಯನ್ನು ಸ್ಥಾಪಿಸಿದರು. ಕಲೆಗೂ ಕುಶಲಕರ್ಮಕ್ಕೂ ನಡುವಿನ ಗೋಡೆಯನ್ನು ಕೆಡವುವೆವೆಂದೂ, ಸ್ತ್ರೀಪುರುಷರನ್ನು ಸಮಾನವಾಗಿ ಕಾಣುವೆವೆಂದೂ ಅದು ಸಾರಿತ್ತು. ಆದರೆ ನಿರೀಕ್ಷೆಗೂ ಮೀರಿ ಹೆಣ್ಣುಮಕ್ಕಳು ಸೇರಲು ಬಂದಾಗ, ಆಡಳಿತವು ಅವರಲ್ಲಿ ಬಹುಪಾಲು ಮಂದಿಯನ್ನು ನೇಯ್ಗೆಯ ವಿಭಾಗದ ಕಡೆಗೆ ತಿರುಗಿಸಿತು. 1922ರಲ್ಲಿ ಸೇರಿದ ಆನ್ನೆಲೀಸ ಫ್ಲೈಶ್‌ಮನ್ ಎಂಬ ಬರ್ಲಿನ್ನಿನ ತರುಣಿಗೆ ಗಾಜಿನ ಕೆಲಸ ಕಲಿಯುವ ಆಸೆಯಿತ್ತು, ಸಿಕ್ಕಿದ್ದು ನೂಲು. ಮುಂದೆ ಚಿತ್ರಕಾರ ಯೋಸೆಫ್ ಆಲ್ಬರ್ಸರನ್ನು 1925ರಲ್ಲಿ ಮದುವೆಯಾಗಿ ಆನಿ ಆಲ್ಬರ್ಸ್ ಎಂದು ಪ್ರಸಿದ್ಧರಾದವರು ಇವರೇ. ಮನಸ್ಸಿಲ್ಲದೆ ಹಿಡಿದ ನೂಲು ಅವರನ್ನು ಬಿಡಲಿಲ್ಲ. 1930ರಲ್ಲಿ ಪದವಿಗಾಗಿ ಅವರು ಬೆರ್ನಾವ್ ಎಂಬಲ್ಲಿನ ಕಾರ್ಮಿಕ ಸಂಘಗಳ ಶಾಲೆಯ ಸಭಾಂಗಣಕ್ಕೆ, ಗೋಡೆಗೆ ಹೊದಿಸುವ ಬಟ್ಟೆಯೊಂದನ್ನು ರಚಿಸಿದರು. ಅದರ ಒಂದು ಮುಖದಲ್ಲಿದ್ದ ಸೆಲೋಫೇನ್ ಬೆಳಕನ್ನು ಪ್ರತಿಫಲಿಸುತ್ತಿತ್ತು. ಇನ್ನೊಂದು ಮುಖದ ಮೆತ್ತನೆಯ ನೂಲು ಸದ್ದನ್ನು ಹೀರಿಕೊಳ್ಳುತ್ತಿತ್ತು. ಬಟ್ಟೆಯೂ ಯೋಚಿಸಬಲ್ಲದು ಎಂಬುದಕ್ಕೆ ಅದೊಂದು ನಿದರ್ಶನ.

1933ರಲ್ಲಿ ನಾಜಿಗಳ ಒತ್ತಡಕ್ಕೆ ಸಿಲುಕಿ ಬೌಹೌಸ್ ಮುಚ್ಚಿತು. ಯೆಹೂದಿ ಕುಲದಲ್ಲಿ ಹುಟ್ಟಿದ್ದ ಆನಿಗೆ ಜರ್ಮನಿಯಲ್ಲಿ ಉಳಿಗಾಲವಿರಲಿಲ್ಲ. ಅದೇ ವರ್ಷ ನಾರ್ತ್ ಕೆರೊಲೈನಾದಲ್ಲಿ ಜಾನ್ ಆಂಡ್ರ್ಯೂ ರೈಸ್ ಮತ್ತು ಗೆಳೆಯರು 'ಬ್ಲ್ಯಾಕ್ ಮೌಂಟನ್ ಕಾಲೇಜ್' ಎಂಬ ಪುಟ್ಟ ಸ್ವತಂತ್ರ ವಿದ್ಯಾಸಂಸ್ಥೆಯನ್ನು ಆರಂಭಿಸಿದ್ದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಫಿಲಿಪ್ ಜಾನ್‌ಸನ್ ಅವರ ಶಿಫಾರಸಿನಿಂದ ಆಲ್ಬರ್ಸ್ ದಂಪತಿಗೆ ಅಲ್ಲಿಂದ ಕರೆ ಬಂತು. ನವೆಂಬರ್ ತಿಂಗಳಲ್ಲಿ ಇಬ್ಬರೂ ಆ ಬೆಟ್ಟಗಳನ್ನು ತಲುಪಿದರು.

ಇಲ್ಲಿ ಇನ್ನೊಬ್ಬಾಕೆಯ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಬೌಹೌಸಿನ ನೇಯ್ಗೆಯ ವಿಭಾಗದಲ್ಲಿ ಆನಿಯಷ್ಟೇ ಪ್ರತಿಭಾವಂತೆ ಓಟಿ ಬರ್ಗರ್. ಆಕೆಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬಟ್ಟೆಯನ್ನು ಬೆರಳಿನಿಂದ ಬಲ್ಲವಳಾಗಿದ್ದಳು. ಆಕೆಯೂ ಯೆಹೂದಿ. ಜರ್ಮನಿಯಲ್ಲಿ ಕೆಲಸ ಮಾಡುವ ಹಕ್ಕನ್ನು ಕಳೆದುಕೊಂಡು ಇಂಗ್ಲೆಂಡಿಗೆ ಹೋದಳು. ಅಮೆರಿಕಕ್ಕೆ ಹೋಗಿ ಚಿಕಾಗೋದಲ್ಲಿ ಹಳೆಯ ಸಹೋದ್ಯೋಗಿಗಳನ್ನು ಸೇರುವ ಪ್ರಯತ್ನ ನಡೆದಿತ್ತು. ಅಷ್ಟರಲ್ಲಿ, 1938ರಲ್ಲಿ, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ತವರಿಗೆ ಮರಳಿದಳು, ಅಲ್ಲಿಯೇ ಸಿಲುಕಿದಳು. ವೀಸಾ ಕೈಗೆ ಬರಲಿಲ್ಲ. 1944ರಲ್ಲಿ ಆಕೆಯನ್ನು ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಿ ಕೊಂದರು. ಒಂದೇ ಕಾರ್ಯಾಗಾರದಲ್ಲಿ ನೇಯ್ದ ಇಬ್ಬರು. ಒಬ್ಬಳಿಗೆ ಕುಳಿತು ನೇಯಲು ದೂರದೇಶದಲ್ಲಿ ಒಂದು ಮೂಲೆ ದೊರೆಯಿತು, ಇನ್ನೊಬ್ಬಳಿಗೆ ದೊರೆಯಲಿಲ್ಲ. ಕಲಾವಿದರಿಗೆ ಜಾಗ ಕೊಡುವುದನ್ನು ಕೇವಲ ಶ್ರೀಮಂತರ ಷೋಕಿಯೆಂದು ಯಾರಾದರೂ ಹೇಳಿದಾಗ ನನಗೆ ಓಟಿ ಬರ್ಗರಳ ನೆನಪಾಗುತ್ತದೆ.

ಬ್ಲ್ಯಾಕ್ ಮೌಂಟನ್ ಕಾಲೇಜು ಹಣಬಲವಿಲ್ಲದ ಸಂಸ್ಥೆ. ಗುರುಗಳೂ ಶಿಷ್ಯರೂ ಒಂದೇ ಊಟದ ಮನೆಯಲ್ಲಿ ಉಂಡು, ಹೊಲದಲ್ಲಿ ದುಡಿದು, ಕಟ್ಟಡಗಳನ್ನು ತಾವೇ ಕಟ್ಟಿಕೊಂಡರು. ಒಂದರ್ಥದಲ್ಲಿ ನಮ್ಮ ಗುರುಕುಲ. ಆದರೆ ಗುರುವಿನ ಮಾತೇ ಕೊನೆಯ ಮಾತೆಂಬ ನಿಯಮವಿಲ್ಲದ ಗುರುಕುಲ. ಆನಿ ಆಲ್ಬರ್ಸ್ ಅಲ್ಲಿ 1949ರವರೆಗೆ ನೇಯ್ಗೆಯನ್ನು ಕಲಿಸಿದರು. ಅವರ ಬೋಧನಕ್ರಮ ನಮ್ಮಂಥ ಮಾಸ್ತರರಿಗೆ ಪಾಠವಾಗುವಂಥದು. ಹೊಸಬರಿಗೆ ದೊಡ್ಡ ಮಗ್ಗ ಕೊಡುವ ಬದಲು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮೈಯ ಬಿಗಿತದಿಂದಲೇ ಹಾಸನ್ನು ಹಿಡಿದಿಡುವ, ಪೆರು ದೇಶದ ಪ್ರಾಚೀನರು ಬಳಸಿದ ಸೊಂಟದ ಮಗ್ಗವನ್ನು ಕೊಡುತ್ತಿದ್ದರು. ಹುಲ್ಲು, ಜೋಳದ ಕಾಳು, ಕಾಗದಗಳನ್ನಿಟ್ಟು ಮೇಲ್ಮೈಗಳನ್ನು ಹೋಲಿಸಿ ನೋಡಲು ಹೇಳುತ್ತಿದ್ದರು. ಯಂತ್ರ ಬರುವ ಮುನ್ನ ಮನುಷ್ಯನ ಮೈಯೇ ಮಗ್ಗದ ಅರ್ಧಭಾಗವಾಗಿತ್ತು ಎಂಬುದನ್ನು ಉಪನ್ಯಾಸದಿಂದಲ್ಲ, ಬೆನ್ನುನೋವಿನಿಂದಲೇ ಶಿಷ್ಯರು ಅರಿಯುತ್ತಿದ್ದರು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಅವರ ನೇಯ್ಗೆಗಳ ಪ್ರದರ್ಶನವನ್ನು ಏರ್ಪಡಿಸಿತು. ನೇಯ್ಗೆಯ ಕಲಾವಿದರೊಬ್ಬರಿಗೆ ಅಲ್ಲಿ ದೊರೆತ ಮೊದಲ ಏಕವ್ಯಕ್ತಿ ಪ್ರದರ್ಶನ ಅದು. 1965ರಲ್ಲಿ ನೇಯ್ಗೆಯ ಕುರಿತು ಬರೆದ ತಮ್ಮ ಪುಸ್ತಕವನ್ನು ಅವರು ಅರ್ಪಿಸಿದ್ದು ಯಾವ ಜರ್ಮನ್ ಗುರುವಿಗೂ ಅಲ್ಲ, ಪೆರುವಿನ ಹೆಸರಿಲ್ಲದ ಪ್ರಾಚೀನ ನೇಕಾರರಿಗೆ.

ಅದೇ ಕಾಲೇಜಿಗೆ 1946ರಲ್ಲಿ ರೂತ್ ಅಸಾವಾ ಎಂಬ ಹುಡುಗಿ ಬಂದಳು. ಜಪಾನೀ ಮೂಲದ ಅಮೆರಿಕನ್ ರೈತರ ಮಗಳು. ಯುದ್ಧಕಾಲದಲ್ಲಿ ಸರ್ಕಾರವು ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಆಕೆಯೂ ಅಲ್ಲಿದ್ದಳು. ಬಳಿಕ ಉಪಾಧ್ಯಾಯಿನಿಯಾಗಬೇಕೆಂದು ಶಿಕ್ಷಕರ ತರಬೇತಿಗೆ ಸೇರಿದಳು. ಆದರೆ ಕುಲದ ಕಾರಣದಿಂದ ಶಾಲೆಯಲ್ಲಿ ಅಭ್ಯಾಸಪಾಠ ಮಾಡುವ ಅವಕಾಶ ಸಿಗದೆ ಪದವಿ ನಿಂತುಹೋಯಿತು. ಬೇರೆಲ್ಲ ಬಾಗಿಲುಗಳು ಮುಚ್ಚಿದಾಗ ತೆರೆದದ್ದು ಬ್ಲ್ಯಾಕ್ ಮೌಂಟನ್. 1947ರಲ್ಲಿ ಮೆಕ್ಸಿಕೋದ ತೊಲುಕಾದಲ್ಲಿ, ಮೊಟ್ಟೆ ಇಡಲು ತಂತಿಯ ಬುಟ್ಟಿ ಹೆಣೆಯುವ ವಿಧಾನವನ್ನು ಅಲ್ಲಿನ ಜನರಿಂದ ಕಲಿತಳು. ಆ ಹೆಣಿಗೆಯಿಂದಲೇ ಮುಂದೆ, ಗಾಳಿಯಲ್ಲಿ ತೂಗುವ, ಒಳಗೂ ಹೊರಗೂ ಒಂದೇ ಗೆರೆಯಾಗಿ ಹರಿಯುವ ಶಿಲ್ಪಗಳು ಹುಟ್ಟಿದವು. ಉಪಾಧ್ಯಾಯಿನಿಯಾಗಲು ಬಿಡದ ದೇಶದಲ್ಲಿಯೇ ಆಕೆ 1968ರಿಂದ ಸ್ಯಾನ್‌ಫ್ರಾನ್ಸಿಸ್ಕೋದ ಶಾಲಾಮಕ್ಕಳಿಗೆ ಕಲೆ ಕಲಿಸುವ ಚಳವಳಿಯನ್ನು ಕಟ್ಟಿದರು. 2010ರಲ್ಲಿ ಆ ನಗರದ ಕಲಾಶಾಲೆಯೊಂದಕ್ಕೆ ಅವರ ಹೆಸರನ್ನಿಟ್ಟರು.

ಒಂದೇ ಸೀಮೆಯ ಈ ಎರಡು ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನಸ್ಸಿಗೆ ಒಂದು ಮುಳ್ಳು ತಾಗುತ್ತದೆ. ಬ್ಲ್ಯಾಕ್ ಮೌಂಟನ್ 1957ರಲ್ಲಿ ಮುಚ್ಚಿದರೂ ಅಲ್ಲಿದ್ದವರ ಹೆಸರುಗಳು ಕಲಾಚರಿತ್ರೆಯ ಪುಸ್ತಕಗಳಲ್ಲಿ ತುಂಬಿವೆ. ಪೆನ್‌ಲ್ಯಾಂಡಿನ ಶಾಲೆ ಇನ್ನೂ ಬದುಕಿದೆ. ಆದರೆ ಅದರ ತಳಪಾಯವಾದ ಬೆಟ್ಟದ ಹೆಂಗಸರ ಹೆಸರುಗಳನ್ನು ಎಷ್ಟು ಜನ ಬಲ್ಲರು? ಸಂಗ್ರಹಾಲಯದ ಗೋಡೆಗೆ ಏರಿದ ನೂಲು 'ಕಲೆ'ಯಾಯಿತು. ಹಾಸಿಗೆಯ ಮೇಲೆ ಉಳಿದ ನೂಲು 'ಕೈಕೆಲಸ'ವಾಯಿತು. ಬೌಹೌಸ್ ಕೆಡವಲು ಹೊರಟ ಗೋಡೆ ಪೂರ್ತಿಯಾಗಿ ಬೀಳಲಿಲ್ಲ. ಆನಿ ಆಲ್ಬರ್ಸರ ಅರ್ಪಣೆಯ ಮಾತು ದೊಡ್ಡದೆನಿಸುವುದು ಇದಕ್ಕಾಗಿ. ಹೆಸರು ಉಳಿಯದವರೇ ತನ್ನ ಗುರುಗಳೆಂದು ಆಕೆ ಅಚ್ಚಿನಲ್ಲಿ ಒಪ್ಪಿಕೊಂಡರು.

ಈ ನೂಲಿನ ಒಂದು ಎಳೆ ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಯೋಸೆಫ್ ಆಲ್ಬರ್ಸರ ಶಿಷ್ಯೆಯಾಗಿದ್ದು, ಅವರ ಮೂಲಕ ಆನಿಯ ಪರಿಚಯ ಪಡೆದ ಶೀಲಾ ಹಿಕ್ಸ್ ಎಂಬ ಕಲಾವಿದೆ 1957ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ ಅಲ್ಲಿನ ನೇಯ್ಗೆಯನ್ನು ಅಭ್ಯಾಸ ಮಾಡಿದರು. 1960ರ ದಶಕದ ಮಧ್ಯಭಾಗದಲ್ಲಿ ಅವರು ಕೇರಳದ ಕೋಳಿಕ್ಕೋಡಿನ ಕಾಮನ್‌ವೆಲ್ತ್ ಟ್ರಸ್ಟಿನ ಕೈಮಗ್ಗದ ಕಾರ್ಖಾನೆಗೆ ಬಂದು, ಅಲ್ಲಿನ ನೇಕಾರರ ಜೊತೆ ಕುಳಿತು ಹೊಸ ಬಟ್ಟೆಗಳನ್ನು ರೂಪಿಸಿದರು. ಈ ಕಾರ್ಖಾನೆ ಯಾರದು? ಮೊದಲ ಮಹಾಯುದ್ಧದ ಬಳಿಕ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಹಿಸಿಕೊಂಡ ಸಂಸ್ಥೆಯೇ ಕಾಮನ್‌ವೆಲ್ತ್ ಟ್ರಸ್ಟ್. ಬಾಸೆಲ್ ಮಿಷನ್ ಎಂದರೆ ಕನ್ನಡಿಗರಿಗೆ ವಿವರಿಸಬೇಕಾದದ್ದಿಲ್ಲ: 1843ರ 'ಮಂಗಳೂರು ಸಮಾಚಾರ', 1894ರ ಕಿಟ್ಟೆಲ್ ನಿಘಂಟು, ಮಂಗಳೂರಿನ ಹೆಂಚು. ಅದೇ ಮಿಷನ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಗಳೂರಿನಲ್ಲಿ ನೇಯ್ಗೆಯನ್ನೂ ಆರಂಭಿಸಿತ್ತು; ಅಲ್ಲಿನ ಬಣ್ಣದ ಕೆಲಸದ ಹಾಲರ್ ಎಂಬುವರ ಹೆಸರನ್ನು ಖಾಕಿ ಬಟ್ಟೆಯ ಹುಟ್ಟಿನೊಡನೆ ಹೇಳುವುದುಂಟು. ನಮ್ಮ ನಿಘಂಟನ್ನು ಅಚ್ಚು ಹಾಕಿದ ಸಂಸ್ಥೆಯ ಮಗ್ಗಗಳ ವಂಶದ ಒಂದು ಕೈಮಗ್ಗದ ಮುಂದೆ ಆನಿ ಆಲ್ಬರ್ಸರ ಪರಂಪರೆಯ ಕಲಾವಿದೆ ಬಂದು ಕುಳಿತಳೆಂಬುದು ಚರಿತ್ರೆಯ ಹಾಸುಹೊಕ್ಕು.

ಸ್ವತಂತ್ರ ಭಾರತವೂ ಈ ದಿಕ್ಕಿನಲ್ಲಿ ತನ್ನದೇ ಪ್ರಯೋಗ ಮಾಡಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕರಕುಶಲಗಳಿಗಾಗಿ ದುಡಿಯುತ್ತಿದ್ದ ಕಾಲದಲ್ಲಿಯೇ, ಪುಪುಲ್ ಜಯಕರ್ ಅವರ ಮುಂದಾಳುತನದಲ್ಲಿ 1950ರ ದಶಕದ ಉತ್ತರಾರ್ಧದಿಂದ ನೇಕಾರರ ಸೇವಾಕೇಂದ್ರಗಳು ಒಂದೊಂದಾಗಿ ತೆರೆದವು. ಚಿತ್ರಕಲೆ ಕಲಿತ ತರುಣರನ್ನು ಅಲ್ಲಿ ಸಂಬಳ ಕೊಟ್ಟು ನೇಮಿಸಿ, ನೇಕಾರರೊಡನೆ ಕೂರಿಸಿದರು. ಕೆ.ಜಿ. ಸುಬ್ರಮಣ್ಯನ್ 1959ರಿಂದ 1961ರವರೆಗೆ ಮುಂಬಯಿಯಲ್ಲಿ ಕೈಮಗ್ಗ ಮಂಡಳಿಯ ವಿನ್ಯಾಸ ವಿಭಾಗದಲ್ಲಿದ್ದರು. ಪ್ರಭಾಕರ ಬರ್ವೆ, ಅರ್ಪಿತಾ ಸಿಂಗ್ ಮುಂತಾದ ಹೆಸರಾಂತ ಕಲಾವಿದರೂ ಈ ಕೇಂದ್ರಗಳಲ್ಲಿ ದುಡಿದವರೇ. ಸುಬ್ರಮಣ್ಯನ್ ಅವರ ಶಿಷ್ಯೆ ಮೃಣಾಲಿನಿ ಮುಖರ್ಜಿ ಮುಂದೆ ಸೆಣಬಿನಂಥ ನಾರನ್ನು ಕೈಯಿಂದಲೇ ಗಂಟುಹಾಕಿ ಆಳೆತ್ತರದ ಶಿಲ್ಪಗಳನ್ನು ಕಟ್ಟಿದರು. ಇದೆಲ್ಲ ಹೆಮ್ಮೆಪಡಬೇಕಾದದ್ದು. ಆದರೂ ಒಂದು ಮಾತು: ನೇಕಾರನ ಬಳಿಗೆ ಕಲಾವಿದನನ್ನು ಕಳಿಸಿದ ನಾವು, ನೇಕಾರನನ್ನೇ ಕಲಾವಿದನೆಂದು ಕರೆದು, ಹೊಟ್ಟೆಪಾಡಿನ ಚಿಂತೆಯಿಲ್ಲದ ಮೂರು ತಿಂಗಳನ್ನು ಅವನಿಗೆ ಕೊಟ್ಟದ್ದು ಕಡಿಮೆ.

ಬಾಗಲಕೋಟೆಯ ಕಡೆಯ ಶಾಲೆಯೊಂದರಲ್ಲಿ ನಾನಿದ್ದಾಗ, ತರಗತಿಯಲ್ಲಿ ಕಾಲುಪಾಲು ಮಕ್ಕಳು ಮಗ್ಗದ ಮನೆಗಳಿಂದ ಬಂದವರು. ನಸುಕಿನಲ್ಲಿಯೇ ಎದ್ದು ಕಂಡಿಗೆ ಸುತ್ತಿಕೊಟ್ಟು ಶಾಲೆಗೆ ಬರುತ್ತಿದ್ದ ಅವರು ಮಧ್ಯಾಹ್ನದ ಪಾಠದಲ್ಲಿ ತೂಕಡಿಸುತ್ತಿದ್ದರು. ಆದರೆ ರೇಖಾಗಣಿತದ ಮಾಸ್ತರರು ಹೇಳುತ್ತಿದ್ದ ಮಾತೊಂದು ನೆನಪಿದೆ: "ಸಮಮಿತಿ ಎಂದರೇನೆಂದು ಈ ಹುಡುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ ಸರ್, ಖಣದ ಹೂವು ಅದನ್ನು ಅವರಿಗೆ ಮೊದಲೇ ಕಲಿಸಿದೆ." ಆ ಮಕ್ಕಳಲ್ಲಿ ಬಹುತೇಕರು ಮಗ್ಗ ಬಿಟ್ಟರು. ಬಿಟ್ಟದ್ದನ್ನು ತಪ್ಪೆನ್ನುವ ಅಧಿಕಾರ ನನಗಿಲ್ಲ. ಪಾಠ ಹೇಳಿ ಬೇರೆ ನೌಕರಿಗೆ ಕಳಿಸಿದವರಲ್ಲಿ ನಾನೂ ಒಬ್ಬ, ಅವರ ಏಳಿಗೆ ಕಂಡು ಹಿಗ್ಗಿದವನೂ ಹೌದು. ಆದರೆ ಅವರ ಬೆರಳಿನಲ್ಲಿದ್ದ ವಿದ್ಯೆಗೆ ಮನೆಯ ಮಗ್ಗದಾಚೆ ಇನ್ನೊಂದು ಮನೆ ಇದ್ದಿದ್ದರೆ, ಅವರಲ್ಲಿ ಒಬ್ಬಿಬ್ಬರಾದರೂ ಉಳಿಯುತ್ತಿದ್ದರೇನೋ.

ಅತಿಥಿಯಾಗಿ ಬಂದ ಕಲಾವಿದನು ಉಂಡು, ನೇಯ್ದು, ಹೋಗಿಬಿಟ್ಟರೆ ಊರಿಗೇನು ಲಾಭ ಎಂಬ ಪ್ರಶ್ನೆಯೂ ಇದೆ. ಇದಕ್ಕೊಂದು ಸೊಗಸಾದ ಉತ್ತರ ಆಫ್ರಿಕದ ಸೆನೆಗಲ್ ದೇಶದ ಸಿಂತಿಯಾನ್ ಎಂಬ ಹಳ್ಳಿಯಲ್ಲಿದೆ. ಯೋಸೆಫ್ ಮತ್ತು ಆನಿ ಆಲ್ಬರ್ಸರ ಹೆಸರಿನ ಪ್ರತಿಷ್ಠಾನವು 2015ರಲ್ಲಿ ಅಲ್ಲಿ ಕಲಾವಿದರ ವಾಸಕೇಂದ್ರವೊಂದನ್ನು ತೆರೆಯಿತು. ಅದರ ಹೆಸರು 'ಥ್ರೆಡ್', ಅಂದರೆ ದಾರ. ವಾಸ್ತುಶಿಲ್ಪಿ ತೊಶಿಕೊ ಮೋರಿ ಅದರ ಹುಲ್ಲಿನ ಮಾಡನ್ನು ಮಳೆಯ ನೀರು ಹರಿದು ತೊಟ್ಟಿಗಳಲ್ಲಿ ಸಂಗ್ರಹವಾಗುವಂತೆ ಬಾಗಿಸಿದರು. ಆ ನೀರು ಊರಿನ ಬಳಕೆಗೆ. ಕಲಾವಿದನಿಗೆ ನೆರಳಾದ ಸೂರೇ ಊರಿಗೆ ನೀರು ಕೊಡುತ್ತದೆ. ಕೊಡುವುದೂ ಪಡೆಯುವುದೂ ಹೀಗಿರಬೇಕು.

2024ರ ಸೆಪ್ಟೆಂ­ಬರಿನಲ್ಲಿ ಹೆಲೀನ್ ಚಂಡಮಾರುತವು ನಾರ್ತ್ ಕೆರೊಲೈನಾದ ಆ ಬೆಟ್ಟಗಳನ್ನು ಅಪ್ಪಳಿಸಿತು. ಸೇತುವೆ, ರಸ್ತೆ, ಮನೆಗಳು ಕೊಚ್ಚಿಹೋದವು. ನದಿಯಂಚಿನ ಎಷ್ಟೋ ಕಲಾವಿದರ ಕಾರ್ಯಾಗಾರಗಳು ಕೆಸರಾದವು. ಪೆನ್‌ಲ್ಯಾಂಡಿನ ಶಾಲೆಯಲ್ಲಿಯೂ ಆ ಋತುವಿನ ಶಿಬಿರಗಳು ನಿಂತವು. ಮರುವರ್ಷ ಮತ್ತೆ ಆರಂಭವಾದವು. 1929ರ ಮುಗ್ಗಟ್ಟಿನ ವರ್ಷದಲ್ಲಿ ಹುಟ್ಟಿದ ಶಾಲೆಗೆ ಕಷ್ಟಕಾಲ ಹೊಸದಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಶಾರ್ಲೆಟ್, ರಾಲಿ ನಗರಗಳಲ್ಲಿ ನೆಲೆಸಿದ್ದೀರಿ. ರಜೆಯಲ್ಲಿ ಬೆಟ್ಟಗಳ ಕಡೆ ಹೋಗುವುದಾದರೆ ಪೆನ್‌ಲ್ಯಾಂಡನ್ನೂ, ಆಶ್‌ವಿಲ್ಲಿನಲ್ಲಿರುವ ಬ್ಲ್ಯಾಕ್ ಮೌಂಟನ್ ಕಾಲೇಜಿನ ವಸ್ತುಸಂಗ್ರಹಾಲಯವನ್ನೂ ಮಕ್ಕಳಿಗೆ ತೋರಿಸಿರಿ. ಇಳಕಲ್, ಗುಳೇದಗುಡ್ಡ, ರಬಕವಿ, ಮೊಳಕಾಲ್ಮೂರುಗಳ ಮಗ್ಗದ ಮನೆಗಳಿಂದ ಬಂದವರಿಗೆ ಇನ್ನೊಂದು ಕೆಲಸ ಹೇಳುತ್ತೇನೆ, ಮಾಸ್ತರ ಎಂಬ ಸಲುಗೆಯಿಂದ. ಮುಂದಿನ ಸಲ ಊರಿಗೆ ಹೋದಾಗ ಒಂದು ನೋಟುಪುಸ್ತಕ ಒಯ್ಯಿರಿ. ಅಜ್ಜಿಯ ಪಕ್ಕದಲ್ಲಿ ಕುಳಿತು, ಆಕೆಗೆ ಗೊತ್ತಿರುವ ದಡಿ, ಸೆರಗು, ಖಣಗಳ ಹೆಸರುಗಳನ್ನೆಲ್ಲ ಬರೆದುಕೊಳ್ಳಿರಿ. ಪ್ರತಿಯೊಂದರ ಎದುರಿಗೆ, ಅದನ್ನು ಯಾರು ನೇಯುತ್ತಿದ್ದರು, ಯಾವ ಓಣಿಯ ಯಾವ ಮನೆಯಲ್ಲಿ ಕುಳಿತು ನೇಯುತ್ತಿದ್ದರು ಎಂಬುದನ್ನೂ ತಪ್ಪದೆ ಬರೆಯಿರಿ.